ದೊಡ್ಡ ಮರದ ಎದುರು ಮನೆ

ತಮ್ಮಾ,

ನೀನು ಮುಖ ಊದಿಸಿಕೊಂಡು ಮಲಗಿದ್ದೀಯ, ಅದಕ್ಕೇ ಬರೆದಿಟ್ಟು ಕಂಟ್ರೋಲ್ ರೂಮಿಗೆ ಹೊರಟಿದ್ದೇನೆ.

ತಿಂಡಿ ಆದ ಮೇಲೆ ಅಮ್ಮನಿಗೆ ಬಿಳಿ ಮಾತ್ರೆ ಒಂದು ಕೊಡು. ಪ್ಲಾಸ್ಟರ್ ಹಾಕಿದ ಕಾಲನ್ನು ನೆಲಕ್ಕೆ ಊರಬಾರದು. "ನನಗೇನಾಗಿದೆ" ಅಂತ ಎದ್ದು ಹೊರಟರೆ ಚಪ್ಪಲಿ ಬಚ್ಚಿಡು.

ನಿನ್ನೆ ನೀನು ಆಂಬ್ಯುಲೆನ್ಸಿಗೆ ಮಾಡಿದ ಕರೆ ನನಗೇ ಬಂದದ್ದು ನಿನ್ನ ಅದೃಷ್ಟವೋ ನನ್ನ ಗ್ರಹಚಾರವೋ. "ಅಕ್ಕಾ, ಅಮ್ಮ ಬಿದ್ಲು" ಅಂದೆ ನೀನು. "ಯಾವ ಊರು, ಮನೆಗೆ ಗುರುತೇನು ಹೇಳಿ ಸಾರ್" ಅಂದೆ ನಾನು. "ನಿನ್ನ ಮನೆ ನಿನಗೆ ಗೊತ್ತಿಲ್ವಾ? ಕಲ್ಲು ಕಣೇ ನೀನು" ಅಂತ ಕೂಗಾಡಿದೆಯಲ್ಲ, ಡ್ರೈವರೂ ಲೈನಿನಲ್ಲಿ ಕೇಳುತ್ತಿದ್ದ. ನನಗೆ ಮನೆ ಗೊತ್ತು, ಅವನಿಗೆ ಗೊತ್ತಿಲ್ಲ. ಗುರುತು ಫೋನ್ ಮಾಡಿದವರ ಬಾಯಿಂದಲೇ ಬರಬೇಕು, ನಮ್ಮ ನಿಯಮ ಅದು. ನಿನ್ನ ಬಾಯಿಂದ ಬಂದದ್ದು "ದೊಡ್ಡ ಮರದ ಎದುರು". ಆ ಮರ ಕಡಿದು ಎರಡು ವರ್ಷವಾಯಿತು. ಇಡೀ ಊರು ಇನ್ನೂ ಅದನ್ನೇ ಹೇಳುತ್ತದೆ. ನಿಯಮ ಮುರಿದು ನಾನೇ "ನೀಲಿ ಗೇಟು" ಅಂತ ಸೇರಿಸದಿದ್ದರೆ ಗಾಡಿ ಇನ್ನೂ ಮರ ಹುಡುಕುತ್ತಿರುತ್ತಿತ್ತು.

ಸರಿಯಾದ ಗುರುತು ಬರೆದು ಗೋಡೆಗೆ ಅಂಟಿಸಿದ್ದೇನೆ. ಸಿಟ್ಟಿಗೆ ಕಿತ್ತು ಹಾಕಬೇಡ. ಹಾಲು ಒಲೆಯ ಮೇಲಿದೆ, ಉಕ್ಕಿಸಬೇಡ.

ನಿನ್ನ ನಂತರ ಬಂದ ಕರೆ ಟ್ರ್ಯಾಕ್ಟರ್ ಮಗುಚಿದ್ದು. ಅವರ ವಿಳಾಸ ಪೂರ್ತಿ ಕೇಳಿಕೊಂಡು, ನಮ್ಮ ಮನೆಯ ವಿಳಾಸ ಟೈಪ್ ಮಾಡಿದ್ದೆ. ಪಕ್ಕದ ಸೀಟಿನವಳು ನೋಡಿ, ಗಾಡಿ ಹೊರಡುವ ಮೊದಲೇ ತಿದ್ದಿದಳು. ಒಂಬತ್ತು ವರ್ಷದಲ್ಲಿ ಇದೇ ಮೊದಲು.

ಕಲ್ಲು ಅಂದೆಯಲ್ಲ, ಅದಕ್ಕೆ ಹೇಳಿದೆ.

ಅಕ್ಕ