ನಾಲ್ಕು ಜನರ ಟಬ್ಬು

ಸವಳಂಗ ರಸ್ತೆ, ಶಿವಮೊಗ್ಗ
೨೪ ಅಕ್ಟೋಬರ್ ೨೦೨೫

ಮಗಳೇ ಭೂಮಿಕಾ,

ಅಮ್ಮನ ಆಶೀರ್ವಾದ. ಹರಿದು ಹಾಕುವ ಮುಂಚೆ ಓದು. ನೀನಿರುವ ಭದ್ರಾವತಿ ಕಾಗದ ಬರೆಯುವಷ್ಟು ದೂರವೇನಲ್ಲ. ಆದರೆ ನೀನು ಫೋನ್ ಎತ್ತುವುದಿಲ್ಲ, ನಾವು ಬಂದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತೀಯ. ಹಠದಲ್ಲಿ ನನ್ನ ಮಗಳೇ ಸರಿ.

ನಾವು ಹಾಟ್ ಟಬ್ ತಗೊಂಡೆವು, ಬಿಸಿನೀರಲ್ಲಿ ಕೂರುವ ದೊಡ್ಡ ತೊಟ್ಟಿ. ನಗಬೇಡ. ನಿಮ್ಮಪ್ಪನ ಮಂಡಿನೋವಿಗೆ ಎಂಬುದು ಊರಿಗೆ ಹೇಳುವ ಕಾರಣ. ಅಂಗಡಿಯಲ್ಲಿ ಅವರು ಮರದ ಟಬ್ಬನ್ನು ತಟ್ಟಿ ನೋಡಿದರು, ಗಾಳಿ ತುಂಬುವುದನ್ನು ಅದುಮಿ ನೋಡಿದರು, ಎತ್ತು ಕೊಳ್ಳಲು ಬಂದವರ ಹಾಗೆ. ನನ್ನ ಕಣ್ಣು ಬಿಳಿ ಫೈಬರಿನದರ ಮೇಲೆ. ಅಂಗಡಿಯ ರವಿಶಂಕರ, "ಇದ್ರಲ್ಲಿ ಬಿಸಿನೀರು ಮುಗಿಯೋದು ಅಂತಾನೇ ಇಲ್ಲಮ್ಮ" ಅಂದ. ಆ ಮಾತಿಗೇ ನಾನು ಒಪ್ಪಿದ್ದು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಾಗ ನಾಲ್ಕು ಅಂದುಬಿಟ್ಟೆ. ನಿಮ್ಮಪ್ಪ ನನ್ನ ಮುಖ ನೋಡಿದರು, ತಿದ್ದಲಿಲ್ಲ.

ತಾರೀಖಿನ ಲೆಕ್ಕದಲ್ಲಿ ಇವತ್ತಿಗೆ ಮೂರು ವರ್ಷ. ದೀಪಾವಳಿಯ ಬೆಳಿಗ್ಗೆ ಗಾಜನೂರಿನ ಹೊಳೆ ನಿನ್ನ ತಂಗಿ ಸಿರಿಯನ್ನು ಎಳೆದುಕೊಂಡ ಮೇಲೆ ನಮ್ಮಲ್ಲಿ ನೀರು ತುಂಬುವ ಹಬ್ಬವೇ ಇರಲಿಲ್ಲ. ಈ ಸಲ ಮಾಡಿದೆ. ಹಂಡೆಯ ಬದಲು ಟಬ್ಬಿಗೇ ಸುಣ್ಣ, ಕೆಮ್ಮಣ್ಣಿನ ಗೆರೆ ಎಳೆದು, ಮಾಲಿಂಗನ ಬಳ್ಳಿ ಸುತ್ತಿ, ನೀರು ತುಂಬಿದೆ. ನಾಲ್ವರು ಕೂತರೆ ಅಂಚು ಮುಟ್ಟುವಂತೆ ಎಷ್ಟು ತುಂಬಬೇಕೆಂದು ರವಿಶಂಕರ ಗುರುತು ಹಾಕಿಕೊಟ್ಟಿದ್ದ, ಅಷ್ಟೇ ತುಂಬಿದ್ದೆ.

ಹಬ್ಬದ ಸೋಮವಾರ ಬೆಳಗಿನ ಜಾವ ಎಣ್ಣೆ ಹಚ್ಚಿಕೊಂಡು ನಾವಿಬ್ಬರು ಇಳಿದೆವು. ನೀರು ಇಬ್ಬರಿಗೆ ಏರುವಷ್ಟು ಏರಿತು, ನಿಂತಿತು. ಆಮೇಲೆ ನಿಧಾನಕ್ಕೆ ಮತ್ತಷ್ಟು ಏರಿತು. ಅಂಚಿಗೆ ಒಬ್ಬರ ಪಾಲಷ್ಟೇ ಬಾಕಿ. "ನೀನೇ ಜಾಸ್ತಿ ತುಂಬಿದೀಯ ಮಾರಾಯ್ತಿ" ಎಂದು ನಿಮ್ಮಪ್ಪ ಎದ್ದು ಹೋದರು. ಇವತ್ತಿಗೂ ಆ ಕಡೆ ಸುಳಿದಿಲ್ಲ. ನನಗೂ ಹೆದರಿಕೆಯಾಯಿತು, ಸುಳ್ಳೇಕೆ. ಆದರೂ ಎದ್ದು ಬರಲು ಮನಸ್ಸಾಗಲಿಲ್ಲ.

ನೀನು ಕರೆದುಕೊಂಡು ಹೋಗಿದ್ದಕ್ಕೇ ಅವಳು ಸತ್ತಳೆಂದು ನೆಂಟರೆಲ್ಲ ಅಂದರು. ನೀನೂ ನಂಬಿದೆ, ಮನೆ ಬಿಟ್ಟೆ. ಈ ಭಾನುವಾರ ಬಾ. ನೀರಿಗೆ ಇಳಿಯದಿದ್ದರೂ ಪಕ್ಕದಲ್ಲಿ ಕೂರು.

ನಿನ್ನ ದಾರಿ ನೋಡುತ್ತಿರುವ
ಅಮ್ಮ, ಶಕುಂತಲಾ

ತಾ.ಕ.: ಅಂದು ನೆಂಟರಿಗೆಲ್ಲ ನೀರು ಹಾಕಿ ಹಂಡೆ ಬರಿದಾಗಿತ್ತು. ಸಿರಿ ತಲೆತುಂಬ ಎಣ್ಣೆ ಹಚ್ಚಿಕೊಂಡು ನಿಂತು, ಬಿಸಿನೀರು ಕಾಯಿಸಿಕೊಡು ಅಂದಳು. ಮತ್ತೆ ಒಲೆ ಹೊತ್ತಿಸಲು ನನಗೆ ಬೇಜಾರು. ಅಕ್ಕನ ಜೊತೆ ಹೊಳೆಗೆ ಹೋಗು, ನಾನು ಕಳಿಸಿದ್ದು ಅಂತ ಯಾರಿಗೂ ಹೇಳಬೇಡ ಅಂದೆ. ಅವಳು ಹೇಳಲಿಲ್ಲ. ಮೂರು ವರ್ಷ ನಾನೂ ಹೇಳಲಿಲ್ಲ. ಈಗ ಟಬ್ಬನ್ನು ಹಗಲೂ ರಾತ್ರಿ ಬಿಸಿಯಾಗಿಯೇ ಇಡುತ್ತೇನೆ. ಇನ್ನೊಂದು ಸಲ ಕೇಳಿದರೆ ಇಲ್ಲ ಅನ್ನಬಾರದಲ್ಲ.