ಮುಂದಿನದಕ್ಕೆ ಮಾತ್ರ

ಮಾನ್ಯ ವಕೀಲ ಗ್ಯಾರಿಟಿ ಅವರಿಗೆ,

ಮಗಳು ಡಾರ್ಲೀನಳ ಅಂತ್ಯಕ್ರಿಯೆಗೆ ನೀವು ಕಳಿಸಿದ ಹೂವು ತಲುಪಿತು. ರಾಜ್ಯದ ಆರೋಗ್ಯ ಯೋಜನೆಯವರು ಅವಳ ರಾತ್ರಿಯ ನರ್ಸನ್ನು ನಿಲ್ಲಿಸಿದ ಮೇಲೆ ನಾವು ಕೈಯಿಂದ ಸುರಿದ ಡಾಲರುಗಳಿಗಾಗಿ ರಾಜ್ಯದ ಮೇಲೆ ದಾವೆ ಹೂಡುವಂತಿಲ್ಲ, ಮುಂದೆ ನರ್ಸನ್ನು ಕೊಡಿ ಎಂದಷ್ಟೇ ಕೇಳಬಹುದು ಎಂದಿದ್ದಿರಿ. ಡಾರ್ಲೀನಳಿಗೆ ಈಗ ಮುಂದೆ ಎಂಬುದಿಲ್ಲ. ಸೋಮವಾರ ನ್ಯಾಯಾಧೀಶರು ಮೊಕದ್ದಮೆ ಮುಚ್ಚಿಬಿಡುತ್ತಾರೆ.

ಪಕ್ಕದ ಮನೆಯ ಓಪಲಳ ಮಗನೂ ಡಾರ್ಲೀನಳಂತೆ ಉಸಿರಾಟದ ಯಂತ್ರದ ಆಸರೆಯಲ್ಲಿದ್ದಾನೆ. ಅವನ ನರ್ಸನ್ನೂ ನಿಲ್ಲಿಸಿದ್ದಾರೆ. “ಕೇಸ್ ಹಾಕಿದ್ರೆ ಯಂತ್ರಾನೂ ಕಿತ್ಕೊಂಡು ಹೋಗ್ತಾರೆ ಕಣೇ,” ಎನ್ನುತ್ತಿದ್ದಳು. ನಿನ್ನೆ ಜೋಳದ ಬ್ರೆಡ್ಡು ತಂದಿಟ್ಟು, “ಎಲ್ಲಿ ಸಹಿ ಹಾಕ್ಬೇಕು ಹೇಳೇ, ಧೈರ್ಯ ಓಡಿಹೋಗೋದ್ರೊಳಗೆ,” ಎಂದಳು.

ಶುಕ್ರವಾರ ಅವಳನ್ನು ಕರೆತರುತ್ತೇನೆ. ದಯವಿಟ್ಟು ಹೊಸ ದಾವೆಯ ಕಾಗದ ಸಿದ್ಧಮಾಡಿಡಿ. ಮಗಳ ಹೆಸರಿದ್ದ ಜಾಗದಲ್ಲಿ ಆ ಹುಡುಗನ ಹೆಸರು ಬರೆಯುವಾಗ ನಾನು ಹೊರಗೆ ಕೂತಿರುತ್ತೇನೆ.

ಇತಿ,
ವರ್ನಾ ಟ್ಯಾಕೆಟ್