ಮೊದಲನೆಯ ಆಯ್ಕೆ

ಅಶೋಕಪುರಂ, ಮೈಸೂರು
೧೨ ಅಕ್ಟೋಬರ್ ೨೦೨೫

ಪ್ರೀತಿಯ ಗೌತಮ,

ಅಮ್ಮನ ಆಶೀರ್ವಾದ. ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯಾ? ನೀನು ಹೊರಟ ವಾರವೇ ನಾನು ಬರೆಯಬೇಕಿತ್ತು. ಪೆನ್ನು ಹಿಡಿದು ಕೂತರೂ ಆಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ಸ್ನೇಹಿತ ಬೀರೇಶ್ ನಾಳೆ ಹಾಸನಕ್ಕೆ ಬರುತ್ತಾನಂತೆ, ಅವನ ಕೈಗೇ ಇದನ್ನು ಕೊಡುತ್ತೇನೆ. ಜೊತೆಗೆ ಚಟ್ನಿಪುಡಿ, ನಿನ್ನ ಸ್ವೆಟರು ಇದೆ. ಅಲ್ಲಿ ಚಳಿ ಜಾಸ್ತಿ ಅನ್ನುತ್ತಾರೆ.

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಲು ಹೋಗಿ ನಿಲ್ಲಿಸಿದೆ. ನಿನ್ನ ತಂಗಿ ಸಂಘಮಿತ್ರ ದಸರೆಯ ದೀಪ ನೋಡಲು ಗೆಳತಿಯರ ಜೊತೆ ಹೋದವಳು ಅರ್ಧ ದಾರಿಯಿಂದಲೇ ವಾಪಸು ಬಂದಳು. ಯಾರಾದರೂ ಜೋರಾಗಿ ಬಾಗಿಲು ಹಾಕಿದರೆ ಸಾಕು, ಅಡುಗೆಮನೆಗೆ ಓಡಿಬಂದು ನನ್ನ ಸೆರಗು ಹಿಡಿದುಕೊಳ್ಳುತ್ತಾಳೆ. ಹತ್ತನೇ ಕ್ಲಾಸಿನ ಹುಡುಗಿ ಅವಳು.

ನಿಮ್ಮಪ್ಪನ ಮಣಿಕಟ್ಟಿನ ಮೂಳೆ ಮುರಿದಿತ್ತು. ಆಪರೇಷನ್ ಮಾಡಿ ಪ್ಲೇಟು ಹಾಕಿದ್ದಾರೆ. ಲೇತ್ ಮೆಷಿನ್ ಹಿಡಿಯುವ ಕೈ. ಸದ್ಯಕ್ಕೆ ಕಡಕೊಳದ ಫ್ಯಾಕ್ಟರಿಗೆ ರಜೆ. ದೊಡ್ಡಾಸ್ಪತ್ರೆಯಲ್ಲಿ ಪೊಲೀಸಿನವರು ಬಂದು ಏಟು ಹೇಗಾಯಿತೆಂದು ಕೇಳಿದರು. ನಿಮ್ಮಪ್ಪ ಗೋಡೆ ನೋಡಿಕೊಂಡು, "ಮನೆ ಮೆಟ್ಲಿಂದ ಜಾರಿ ಬಿದ್ಬುಟ್ಟೆ ಸಾರ್" ಅಂದರು. ನಮ್ಮ ಮನೆಗೆ ಮೆಟ್ಟಿಲೇ ಇಲ್ಲ. ನಿನ್ನ ಹೆಸರನ್ನು ಅವರು ಅಲ್ಲೂ ಹೇಳಲಿಲ್ಲ, ಮನೆಗೆ ಬಂದ ಮೇಲೂ ಹೇಳಿಲ್ಲ.

ಆ ಭಾನುವಾರ ಏನಾಯಿತೆಂದು ನಿನಗೆ ಗೊತ್ತು, ಅವರಿಗೂ ಗೊತ್ತು. ಆದರೆ ನೀನು ಅವರನ್ನು ಮಾತ್ರ ನೋಡುತ್ತಿದ್ದೆ, ಅವರು ನಿನ್ನನ್ನು ಮಾತ್ರ. ಇಬ್ಬರನ್ನೂ ನೋಡಿದವಳು ನಾನೊಬ್ಬಳೇ. ಸಂಘಮಿತ್ರ ಅಡುಗೆಮನೆಯಲ್ಲಿ ಅವಿತಿದ್ದಳು, ಸದ್ದು ಮಾತ್ರ ಕೇಳಿದಳು. ಅದಕ್ಕೇ ಬರೆಯುತ್ತಿದ್ದೇನೆ.

ಜಗಳ ಶುರುವಾದದ್ದು ನಿನ್ನ ಸಿಇಟಿ ರ‍್ಯಾಂಕು ಬಂದಾಗ. ಇಲ್ಲಿಯ ಹಳೆಯ ದೊಡ್ಡ ಕಾಲೇಜಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಸಿಗುತ್ತದೆ, ನಿನಗೆ ಬೇಕಾದ ಆರ್ಕಿಟೆಕ್ಚರ್ ಹಾಸನದ ಹೊಸ ಕಾಲೇಜಿನಲ್ಲಿ ಸಿಗುತ್ತದೆ ಅಂತ ಗೊತ್ತಾಯಿತು. ಅಲ್ಲಿ ಕಟ್ಟಡವೇ ಇನ್ನೂ ಮುಗಿದಿಲ್ಲವಂತೆ ಎಂದು ನಿಮ್ಮಪ್ಪ ಹಂಗಿಸಿದರು. ಕಟ್ಟುವುದನ್ನು ನೋಡಿ ಕಲಿಯುತ್ತೇನೆ ಎಂದು ನೀನು ನಕ್ಕೆ. ಆಮೇಲೆ ಇಬ್ಬರೂ ನಗುವುದನ್ನೇ ಬಿಟ್ಟಿರಿ. ಒಂದು ದಿನ ಅವರು ನಿನ್ನ ಭುಜ ಹಿಡಿದು ಹೇಳಿದ್ದು ನೆನಪಿದೆಯಾ?

"ಆ ಕಾಲೇಜಿನ ಹೆಸ್ರು ಹೇಳ್ಬುಟ್ರೆ ಸಾಕು ಕಣೋ, ಯಾವ ಕೇರಿಯವ್ನು ಅಂತ ಯಾರೂ ಕೇಳಲ್ಲ. ನನ್ನ ಕೇಳ್ದಂಗೆ ನಿನ್ನ ಕೇಳ್ಬಾರ್ದು."

"ಆ ಹೆಸ್ರು ನಿಂಗೆ ಬೇಕು ಅಪ್ಪ, ನಂಗಲ್ಲ" ಅಂದೆ ನೀನು.

ಕೊನೆಗೆ ನೀನು ಸೀಟಿನ ಅರ್ಜಿಯಲ್ಲಿ ಸಿವಿಲ್ಲನ್ನೇ ಮೊದಲನೆಯ ಆಯ್ಕೆಯಾಗಿ ಹಾಕುತ್ತೇನೆ ಎಂದು ಒಪ್ಪಿಕೊಂಡೆ. ಅವರು ನಂಬಿದರು. ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು. ಆ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಅವರ ಫೋನಿಗೆ ಸೀಟಿನ ಮೆಸೇಜು ಬಂತು, ಹಾಸನ, ಆರ್ಕಿಟೆಕ್ಚರ್. ಅವರು ಎಂಜಲು ಕೈಯಲ್ಲೇ ಎದ್ದರು.

ಮೊದಲು ಒದ್ದದ್ದು ನೀನು ರಟ್ಟಿನಲ್ಲಿ ಮಾಡಿದ್ದ ಮನೆಯನ್ನು. ತೊಟ್ಟಿ, ಜಗಲಿ, ನನಗೊಂದು ಬೆಳಕಿನ ಅಡುಗೆಮನೆ ಇದ್ದ ಮನೆ. ಕಾಲಲ್ಲಿ ತುಳಿದು ತುಳಿದು ಚಪ್ಪಟೆ ಮಾಡಿದರು. ನೀನು ತಡೆಯಲು ಹೋದೆ, ಬೆಲ್ಟು ಬಿಚ್ಚಿದರು. ಬಕಲ್ಲು ತಾಗಿ ನಿನ್ನ ಹುಬ್ಬು ಸೀಳಿತು. ಕೂದಲು ಹಿಡಿದು ತಲೆಯನ್ನು ಗೋಡೆಗೆ ಗುದ್ದಿದರು. ಒಂದು ಸಲ ಅಲ್ಲ. ಬಾಬಾಸಾಹೇಬರ ಫೋಟೋದ ಕೆಳಗೆ ನಿನ್ನ ರಕ್ತ ಇಳಿಯಿತು. ಸುಣ್ಣ ಹೊಡೆಸಿದ್ದೇನೆ, ಕಲೆ ಇನ್ನೂ ಕಾಣುತ್ತದೆ.

ಬಾಗಿಲ ಹಿಂದಿನ ಕಬ್ಬಿಣದ ಪೈಪನ್ನು ನೀನು ಯಾವಾಗ ತೆಗೆದುಕೊಂಡೆಯೋ ಕಾಣಲಿಲ್ಲ. ಅವರು ಕೈ ಅಡ್ಡ ತಂದರು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು, ನಿನಗೂ ಕೇಳಿಸಿರಬೇಕು. ಅವರು ಕೆಳಗೆ ಬಿದ್ದರು. ಬಿದ್ದ ಮೇಲೂ ಹೊಡೆದೆ. ಬೆನ್ನಿಗೆ, ಭುಜಕ್ಕೆ, ತೊಡೆಗೆ. ಅವರು ಕೂಗಲಿಲ್ಲ. ಅವರು ಕೂಗಿದ್ದರೆ ನೀನು ನಿಲ್ಲಿಸುತ್ತಿದ್ದೆಯೇನೋ. ನಾನು ಓಡಿಬಂದು ಹಿಂದಿನಿಂದ ನಿನ್ನನ್ನು ತಬ್ಬಿ ಹಿಡಿದೆ. ಅಷ್ಟರಲ್ಲಿ ಪಕ್ಕದ ಮನೆಯ ಚೆಲುವಯ್ಯಣ್ಣ ಬಂದು ಪೈಪು ಕಿತ್ತುಕೊಂಡರು. ರಕ್ತದ ಶರ್ಟಿನಲ್ಲೇ, ಸರ್ಟಿಫಿಕೇಟಿನ ಬ್ಯಾಗು ಹಾಕಿಕೊಂಡು ನೀನು ಹೊರಟೆ. ಯಾರ ಕಡೆಗೂ ತಿರುಗಿ ನೋಡಲಿಲ್ಲ.

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ಇಲ್ಲಿಯ ಆ ಕಾಲೇಜು ಶುರುವಾದ ದಿನ ನಿಮ್ಮಪ್ಪ ಇಸ್ತ್ರಿ ಮಾಡಿದ ಶರ್ಟು ಕೇಳಿದರು. ಪ್ಲಾಸ್ಟರಿನ ಕೈಗೆ ತೋಳು ಏರಿಸಲಾಗದೆ ನಾನೇ ಹೊಲಿಗೆ ಬಿಚ್ಚಿ ಹಾಕಿಸಿದೆ. ಬಸ್ಸು ಹತ್ತಿ ಹೋದವರು ಮಧ್ಯಾಹ್ನದವರೆಗೂ ಬರಲಿಲ್ಲ. ಎಲ್ಲಿಗೆ ಹೋಗಿದ್ದಿರಿ ಎಂದರೆ ಕಾಲೇಜಿನ ಗೇಟಿನ ಹತ್ತಿರ ಅಂದರು. ನೀರು ಕುಡಿದು, "ಎಲ್ಲರ ಅಪ್ಪಂದ್ರೂ ಬಂದಿದ್ರು ಕಣೆ" ಅಂದರು. ಆ ರಾತ್ರಿ ಊಟ ಮಾಡಲಿಲ್ಲ.

ಅವರ ಮನಸ್ಸು ಕರಗಿದೆ ಎಂದು ಇದನ್ನು ಬರೆಯುತ್ತಿಲ್ಲ. ನೀನು ಹೊಸ್ತಿಲು ತುಳಿಯಬಾರದೆಂದು ಚೆಲುವಯ್ಯಣ್ಣನ ಹತ್ತಿರ ಹೇಳಿ ಕಳಿಸಲು ನೋಡಿದರು. ನಾನು ತಡೆದೆ. ಯಾರದು ಸರಿ ಎಂದು ನನ್ನನ್ನು ಕೇಳಬೇಡ. ಅವರು ಕೇಳಿದ ಹೆಸರೂ ಬೇಕಾದದ್ದೇ, ನೀನು ಆರಿಸಿದ ಓದೂ ಬೇಕಾದದ್ದೇ. ಅದಕ್ಕೆ ಮನುಷ್ಯರ ಮೂಳೆ ಮುರಿಯಬೇಕಿರಲಿಲ್ಲ.

ಚೆನ್ನಾಗಿ ಓದು. ಹುಬ್ಬಿನ ಗಾಯ ವಾಸಿಯಾಯಿತಾ? ಬೆಳಕಿಲ್ಲದ ಕಡೆ ಕೂತು ಡ್ರಾಯಿಂಗ್ ಮಾಡಬೇಡ. ನೀನು ಕಟ್ಟುವ ಮನೆಗಳಲ್ಲಿ ಇರುವವರು ನೆಮ್ಮದಿಯಾಗಿರಲಿ. ಬುದ್ಧ ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಭಾನುಪ್ರಿಯಾ

ಮರೆತ ಮಾತು: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನನ್ನ ಎಡಗಿವಿಯ ತಮಟೆ ಹರಿದಿದೆ ಅಂದರು ಡಾಕ್ಟರು. ಬಚ್ಚಲಲ್ಲಿ ಜಾರಿದೆ ಎಂದು ಹೇಳಿದೆ. ಅಪ್ಪನೇ ಹೊಡೆದದ್ದು ಅಂತ ನಿನ್ನ ತಂಗಿ ತಿಳಿದಿದ್ದಾಳೆ, ನಾನು ಇಲ್ಲ ಎನ್ನಲು ಹೋಗಿಲ್ಲ. ಅವರ ಕೈಯ ಏಟು ಮದುವೆಯಾದಾಗಿನಿಂದ ನನಗೆ ಗೊತ್ತು, ಗೌತಮ. ನಿನ್ನದು ಬಿದ್ದಾಗಲೂ ಅದೇ ಕೈ ಅನ್ನಿಸಿತು. ತಬ್ಬಿ ಹಿಡಿದಾಗ ನೀನು ತಿರುಗಿದೆ, ನನ್ನ ಮುಖ ನೋಡಿದೆ, ಆಮೇಲೆ ಕೈಯಿಂದ ಕೆನ್ನೆಗೆ ಹೊಡೆದೆ. ನನಗೆ ಹಾಗೆ ನೆನಪು. ನೋಡದೆ ಹೊಡೆದೆ ಎಂದು ಒಂದು ಸಾಲು ಬರೆದು ಬೀರೇಶನ ಕೈಲಿ ಕಳಿಸು. ಸುಳ್ಳಾದರೂ ಪರವಾಗಿಲ್ಲ.